ಕೆಮ್ಮಿಗೆ ಎಷ್ಟು ಅಂಕ ಕಳೆಯಬೇಕು?

1955ರ ಸೆಪ್ಟೆಂಬರ್ 29ರ ರಾತ್ರಿ. ಬರ್ಲಿನ್ ನಗರದ ಒಂದು ದೊಡ್ಡ ನಾಟಕಶಾಲೆ. ವೇದಿಕೆಯ ಮೇಲೆ ಆರು ಮಂದಿ ಒಟ್ಟಿಗೆ ನಿಂತು, ಒಬ್ಬೊಬ್ಬರು ಒಂದೊಂದು ಭಾವದಲ್ಲಿ, ಒಂದೇ ಹಾಡು ಹಾಡಿದರು. ಹಾಡು ಮುಗಿದದ್ದೇ ತಡ, ಜನ ಕಥೆಯನ್ನು ಮುಂದಕ್ಕೆ ಹೋಗಲು ಬಿಡಲಿಲ್ಲ. ಚಪ್ಪಾಳೆ, ಕೂಗು, ಮತ್ತೆ ಚಪ್ಪಾಳೆ. ಕೊನೆಗೆ ವಾದ್ಯಮೇಳ ನಡೆಸುತ್ತಿದ್ದ ಕರಾಯನ್ ಅದೇ ಹಾಡನ್ನು ಇನ್ನೊಮ್ಮೆ ಹಾಡಿಸಬೇಕಾಯಿತು. ಇದಕ್ಕೆ ನಮ್ಮ ಕಡೆ ಇರುವ ಹೆಸರು ನಿಮಗೆಲ್ಲ ಗೊತ್ತು: ಒನ್ಸ್ ಮೋರ್! ಕಂಪನಿ ನಾಟಕದಲ್ಲಿ ಒನ್ಸ್ ಮೋರ್ ಬಿದ್ದರೆ ಸತ್ತು ಮಲಗಿದ ಪಾತ್ರವೂ ಎದ್ದು ಕೂತು ಹಾಡಿ, ಮತ್ತೆ ಸಾಯುತ್ತಿತ್ತಂತೆ. ನಮ್ಮ ಹಿರಿಯರು ನಕ್ಕು ನಕ್ಕು ಹೇಳುತ್ತಿದ್ದ ಮಾತು ಇದು. ಕೋಟು ಟೈ ಹಾಕಿಕೊಂಡ ಜರ್ಮನಿಯ ಜನರೂ ಇದೇ ಕೆಲಸ ಮಾಡಿದ್ದಾರೆ ಅಂತ ತಿಳಿದಾಗ ನನಗೆ ಯಾಕೋ ಬಹಳ ಖುಷಿಯಾಯಿತು.

ಆ ರಾತ್ರಿಯ ಆಟ ರೇಡಿಯೋದಲ್ಲಿ ಬಿತ್ತರವಾಗಿತ್ತು. ಆ ರೆಕಾರ್ಡಿಂಗ್ ಬಹಳ ವರ್ಷ ಕಳ್ಳ ಪ್ರತಿಗಳಲ್ಲಿ ಓಡಾಡಿ, ಆಮೇಲೆ ರಾಜಮಾರ್ಗದಲ್ಲಿಯೂ ಹೊರಬಂತು. ನನಗೆ ಅದನ್ನು ಕಳಿಸಿದವನು ನಮ್ಮ ಶಾಲೆಯಲ್ಲಿ ಕನ್ನಡದಲ್ಲೇ ಓದಿ ಈಗ ಹೈದರಾಬಾದಿನಲ್ಲಿ ಕಂಪ್ಯೂಟರ್ ಕೆಲಸದಲ್ಲಿರುವ ಒಬ್ಬ ಹುಡುಗ. ಜೊತೆಗೆ ಒಂದು ಸಾಲು: "ಸರ್, ನೀವು ಹುಡುಗರ ಹಾಡಿಗೆ ಮಾರ್ಕ್ಸ್ ಹಾಕ್ತೀರಲ್ರಿ, ಇದಕ್ಕ ನೂರಕ್ಕ ಎಷ್ಟ್ ಹಾಕ್ತೀರಿ?" ತಮಾಷೆಗೆ ಕೇಳಿದ್ದು. ಆದರೆ ಅದೇ ತಿಂಗಳು ನನ್ನ ಮುಂದೆ ಬೇರೆ ಒಂಬತ್ತು ರೆಕಾರ್ಡಿಂಗುಗಳು ಅಂಕಕ್ಕೆ ಕಾಯುತ್ತಿದ್ದವು. ಹಾಗಾಗಿ ಪ್ರಶ್ನೆ ತಲೆಯಲ್ಲಿ ಕೂತುಬಿಟ್ಟಿತು. ಆ ಒಂಬತ್ತರ ವಿಷಯ ಆಮೇಲೆ ಹೇಳುತ್ತೇನೆ.

ಆಟದ ಹೆಸರು 'ಲೂಚಿಯಾ ದಿ ಲಾಮರ್‌ಮೂರ್'. ಇಟಲಿಯ ದೊನಿಝೆತ್ತಿ ಎಂಬಾತ ರಾಗ ಹಾಕಿದ್ದು, ಮೊದಲ ಸಲ ಆಡಿದ್ದು 1835ರಲ್ಲಿ ನೇಪಲ್ಸ್ ನಗರದಲ್ಲಿ. ಕಥೆ ವಾಲ್ಟರ್ ಸ್ಕಾಟನ ಕಾದಂಬರಿಯದು. ಕೇಳಿದರೆ ನಮ್ಮ ಕಂಪನಿಯವರೇ ಬರೆದದ್ದೇನೋ ಅನ್ನಿಸಬೇಕು: ಹಗೆ ಮನೆತನದ ಹುಡುಗನನ್ನು ಪ್ರೀತಿಸುವ ತಂಗಿ, ಮನೆತನ ಉಳಿಸಲು ಅವಳನ್ನು ಬೇರೆಯವನಿಗೆ ಕೊಡಲು ಹೊರಟ ಅಣ್ಣ, ಒಂದು ಸುಳ್ಳು ಪತ್ರ, ಮದುವೆಯ ಕಾಗದಕ್ಕೆ ಅವಳು ಸಹಿ ಹಾಕುವಷ್ಟರಲ್ಲಿ ಪ್ರಿಯಕರ ಬಂದು ನಿಲ್ಲುವುದು. (ಆರು ಮಂದಿಯ ಆ ಹಾಡು ಬರುವುದು ಇಲ್ಲೇ.) ಮೊದಲ ರಾತ್ರಿ ಆ ಹುಡುಗಿ ಗಂಡನನ್ನು ಕೊಂದು, ಬುದ್ಧಿಭ್ರಮಣೆಯಾಗಿ, ನೆಂಟರಿಷ್ಟರ ನಡುವೆ ಬಂದು ಬಹಳ ಹೊತ್ತು ಹಾಡಿ, ಕೊನೆಗೆ ಸಾಯುತ್ತಾಳೆ. ಎಲ್ಲವೂ ಹಾಡಿನಲ್ಲೇ. ನಮ್ಮ ಉತ್ತರ ಕರ್ನಾಟಕದ 'ಶ್ರೀಕೃಷ್ಣ ಪಾರಿಜಾತ' ಕಂಡವರಿಗೆ ಹಾಡಿನಲ್ಲೇ ಜಗಳ, ಹಾಡಿನಲ್ಲೇ ಸಿಟ್ಟು ಅಂದರೆ ಏನು ಅಂತ ಬಿಡಿಸಿ ಹೇಳಬೇಕಿಲ್ಲ. ರೊಸ್ಸೀನಿ, ಬೆಲ್ಲೀನಿ, ದೊನಿಝೆತ್ತಿ ಈ ಮೂವರ ಕಾಲದ ಹಾಡುಗಾರಿಕೆಗೆ 'ಬೆಲ್ ಕಾಂತೊ' ಅಂತ ಹೆಸರು. ಅರ್ಥ, ಚೆಂದದ ಹಾಡುಗಾರಿಕೆ. ಅಷ್ಟೇ.

ಈ ಚೆಂದದ ಹಾಡುಗಾರಿಕೆಗೂ ನಮ್ಮ ಧಾರವಾಡದ ಕಡೆಯ ಖಯಾಲಿಗೂ ಒಂದು ದೂರದ ನೆಂಟಸ್ತಿಕೆ ಉಂಟು ಅಂತ ನನ್ನ ಲೆಕ್ಕ. ಅವರ ಹಾಡಿನಲ್ಲಿ ಮೊದಲು ನಿಧಾನದ ಭಾಗ, ಆಮೇಲೆ ಜೋರಿನ ಭಾಗ. ನಮ್ಮ ವಿಲಂಬಿತ, ದ್ರುತ ಇದ್ದ ಹಾಗೆ. ಜೋರಿನ ಭಾಗವನ್ನು ಎರಡು ಸಲ ಹಾಡಬೇಕು. ಎರಡನೇ ಸಲ ಹಾಡುವಾಗ ಬರೆದದ್ದನ್ನೇ ಒಪ್ಪಿಸಿದರೆ ಸಾಲದು, ಗಾಯಕಿ ತನ್ನ ಕಡೆಯಿಂದ ಗಮಕ, ತಾನು ಹಾಕಿ ಬದಲಿಸಬೇಕು. ಲೂಚಿಯಾಳ ಹುಚ್ಚಿನ ಹಾಡಿನಲ್ಲಿ ಕೊಳಲಿನ ಜೊತೆ ಕಂಠ ಜುಗಲ್‌ಬಂದಿ ಮಾಡುವ ಒಂದು ಭಾಗ ಬಹಳ ಪ್ರಸಿದ್ಧ. ಅದು ದೊನಿಝೆತ್ತಿ ಬರೆದದ್ದೇ ಅಲ್ಲವಂತೆ. ಐವತ್ತು ವರ್ಷದ ಮೇಲೆ, 1889ರ ಹೊತ್ತಿಗೆ, ಪ್ಯಾರಿಸ್ಸಿನಲ್ಲಿ ಮೆಲ್ಬಾ ಎಂಬ ಗಾಯಕಿಗಾಗಿ ಸೇರಿಸಿದ್ದು. ಈಗ ಅದಿಲ್ಲದೆ ಹಾಡಿದರೆ ಜನ ಸುಮ್ಮನಿರುವುದಿಲ್ಲ. ಒಂದು ವ್ಯತ್ಯಾಸ ಮಾತ್ರ ದೊಡ್ಡದು. ಅವರು ಆ ತಾನುಗಳನ್ನು ಬಹುಪಾಲು ಮನೆಯಲ್ಲಿ ಕೂತು ಸಿದ್ಧಮಾಡಿಕೊಂಡು ಬರುತ್ತಾರೆ. ನಮ್ಮವರು ಬಹುಪಾಲು ಅಲ್ಲೇ, ಆ ಗಳಿಗೆಯಲ್ಲೇ ಕಟ್ಟುತ್ತಾರೆ.

ಆದರೂ ಕೇಳುವವನ ಕೆಲಸ ಎರಡೂ ಕಡೆ ಒಂದೇ. ಕಾಯುವುದು. ಬರ್ಲಿನ್ನಿನ ಜನಕ್ಕೆ ಯಾವ ಎತ್ತರದ ಸ್ವರ ಬರಬೇಕು ಅಂತ ಮೊದಲೇ ಗೊತ್ತು. ಅದು ಬರುತ್ತದೋ ಇಲ್ಲವೋ ಅಂತ ಉಸಿರು ಹಿಡಿದು ಕೂತಿರುತ್ತಾರೆ. ನಮ್ಮ ಕಛೇರಿಯಲ್ಲಿ ಹದಿನಾರು ಮಾತ್ರೆ ಸುತ್ತಿ ಸಮ್ ಎಲ್ಲಿ ಬೀಳುತ್ತದೆ ಅಂತ ಎಲ್ಲರಿಗೂ ಗೊತ್ತು. ಗಾಯಕ ಅಲ್ಲಿಗೆ ಯಾವ ದಾರಿಯಿಂದ ಬರುತ್ತಾನೆ ಅಂತ ಕಾಯುತ್ತಾರೆ. ಮಲ್ಲಿಕಾರ್ಜುನ ಮನ್ಸೂರರ ಕಛೇರಿಯ ರೆಕಾರ್ಡಿಂಗುಗಳನ್ನು ಕೇಳಿ ನೋಡಿ. ಅವರು ಆಲಾಪಕ್ಕೆ ಹೆಚ್ಚು ಹೊತ್ತು ಕೊಡದೆ ಬಂದಿಶಿಗೆ ಇಳಿದುಬಿಡುತ್ತಾರೆ. ಒಂದು ಸುತ್ತಿನೊಳಗೆ ಇನ್ನೊಂದು ಸುತ್ತು ಹೆಣೆಯುತ್ತ ಹೋಗುತ್ತಾರೆ, ಉಸಿರು ಎಲ್ಲಿ ತಗೊಂಡರು ಅಂತ ಗೊತ್ತಾಗುವುದಿಲ್ಲ, ಇನ್ನೇನು ಸಮ್ ತಪ್ಪಿತು ಅನ್ನುವಾಗ ಬಂದು ಬೀಳುತ್ತಾರೆ. ಆ ಗಳಿಗೆಯಲ್ಲಿ ಸಭೆಯಿಂದ "ಹಾ" ಅಂತ ಒಂದು ಉಸಿರು ಹೊರಬೀಳುತ್ತದೆ. ಅದು ಚಪ್ಪಾಳೆಯಲ್ಲ, ಹೊಗಳಿಕೆಯೂ ಅಲ್ಲ. ಇಷ್ಟು ಹೊತ್ತು ಹಿಡಿದಿಟ್ಟಿದ್ದ ಉಸಿರು. ಕಛೇರಿಯ ರೆಕಾರ್ಡಿಂಗಿನಲ್ಲಿ ನಾನು ಮೊದಲು ಹುಡುಕುವುದು ಆ ಉಸಿರನ್ನು. ಅದು ಕೇಳಿಸಿದರೆ ಅಲ್ಲಿ ಏನೋ ನಡೆದಿದೆ ಅಂತ ಅರ್ಥ. ಬರೀ ಚಪ್ಪಾಳೆಯನ್ನು ನಾನು ನಂಬುವುದಿಲ್ಲ. ಚಪ್ಪಾಳೆ ಮರ್ಯಾದೆಗೂ ಬೀಳುತ್ತದೆ. ಕಾರ್ಯಕ್ರಮ ಮುಗಿಯಿತಲ್ಲ ಅಂತಲೂ ಬೀಳುತ್ತದೆ!

ಲೂಚಿಯಾ ಪಾತ್ರ ಮಾಡಿದವರು ಮರಿಯಾ ಕಾಲಾಸ್ (1923–1977). ಇದೇ ಪಾತ್ರವನ್ನು ಅವರು 1953ರಲ್ಲಿ ಫ್ಲಾರೆನ್ಸಿನಲ್ಲಿ ರೆಕಾರ್ಡ್ ಕಂಪನಿಗಾಗಿ, ಕೇಳುಗರಿಲ್ಲದೆ ಹಾಡಿದ್ದರು. ಜೊತೆಗೆ ನಾಯಕನಾಗಿ ಹಾಡಿದವರೂ ಎರಡೂ ಕಡೆ ಅವರೇ, ದಿ ಸ್ತೆಫಾನೊ. ಹಾಗಾಗಿ ಹೋಲಿಸಿ ನೋಡಲು ಇದಕ್ಕಿಂತ ಒಳ್ಳೆಯ ಜೋಡಿ ಸಿಗಲಾರದು. ಹುಡುಗ ಎರಡನ್ನೂ ಕಳಿಸಿದ್ದ. 1953ರದು ಸ್ವಚ್ಛ, ಧ್ವನಿ ತುಂಬಿದ ಕೊಡದ ಹಾಗೆ. 1955ರದರಲ್ಲಿ ಕೆಮ್ಮು, ವೇದಿಕೆಯ ಮೇಲೆ ಓಡಾಡುವ ಕಾಲಿನ ಸದ್ದು, ಹಿಂದೆ ಪಾತ್ರಧಾರಿ ತಿರುಗಿದರೆ ಧ್ವನಿಯೂ ದೂರ ಹೋಗುವುದು, ಎಲ್ಲ ಉಂಟು. ನನ್ನ ಕಿವಿಗೆ ಆ ರಾತ್ರಿಯ ಕಾಲಾಸ್ ಧ್ವನಿಯನ್ನು ಬೇಕೆಂದೇ ಸಣ್ಣದು ಮಾಡಿಕೊಂಡ ಹಾಗೆ ಕೇಳಿತು. ಅಷ್ಟು ದೊಡ್ಡ ಸಭೆಯಲ್ಲಿ ಧ್ವನಿ ಸಣ್ಣದು ಮಾಡುವುದೆಂದರೆ ಸಾವಿರ ಜನರನ್ನು ಮುಂದಕ್ಕೆ ಬಾಗಿಸುವುದು. ಯಾರೋ ಕೆಮ್ಮುತ್ತಾರೆ, ಮತ್ತೆ ಮೌನ. ಆ ಕೆಮ್ಮು ಇಲ್ಲದಿದ್ದರೆ ಆಮೇಲಿನದು ಮೌನ ಅಂತ ನನಗೆ ಹೇಗೆ ಗೊತ್ತಾಗಬೇಕಿತ್ತು? ಸ್ಟುಡಿಯೋದ ಮೌನ ಬರೀ ಸದ್ದಿಲ್ಲದ್ದು. ಸಭೆಯ ಮೌನವನ್ನು ಜನ ಸೇರಿ ಮಾಡಿರುತ್ತಾರೆ.

ಹಾಗಂತ ಸ್ಟುಡಿಯೋ ರೆಕಾರ್ಡು ಕೀಳು ಅನ್ನುವ ಪೈಕಿ ನಾನಲ್ಲ. ಗದಗಿನ ಹುಡುಗ ಭೀಮಸೇನ ಜೋಶಿ 1933ರಲ್ಲಿ ಹನ್ನೊಂದನೇ ವಯಸ್ಸಿಗೆ ಮನೆ ಬಿಟ್ಟು ಓಡಿದ್ದು ಅಬ್ದುಲ್ ಕರೀಂ ಖಾನರ ಝಿಂಝೋಟಿ ಠುಮ್ರಿಯ ತಟ್ಟೆ ಕೇಳಿ. ಮೂರೂ ಚಿಲ್ಲರೆ ನಿಮಿಷದ ತಟ್ಟೆ. ಕೇಳುಗರಿಲ್ಲ, "ವಾಹ್" ಇಲ್ಲ, ಕೆಮ್ಮಿಲ್ಲ. ಅದೇ ಸಾಕಾಯಿತು. ಆಗ ಗವಾಯಿಗಳು ಒಂದು ತಾಸಿನ ರಾಗವನ್ನು ತಟ್ಟೆಯ ಒಂದು ಮಗ್ಗುಲಿಗೆ ಹಿಡಿಸಬೇಕಿತ್ತು. ಅದೊಂದು ಬೇರೆಯೇ ವಿದ್ಯೆ. ಅಂದಹಾಗೆ ಒಂದು ಸ್ವಾರಸ್ಯ: ಗೈಸ್‌ಬರ್ಗ್ ಎಂಬ ಒಬ್ಬನೇ ರೆಕಾರ್ಡಿಂಗ್ ಮನುಷ್ಯ 1902ರ ಏಪ್ರಿಲಿನಲ್ಲಿ ಮಿಲಾನಿನಲ್ಲಿ ಕರೂಸೊನ ಹಾಡು ಹಿಡಿದ, ಅದೇ ವರ್ಷದ ಕೊನೆಗೆ ಕಲ್ಕತ್ತೆಗೆ ಬಂದು ಗೌಹರ್ ಜಾನಳ ಹಾಡು ಹಿಡಿದ. ಇಟಲಿಯ ಆಪೆರಾ, ನಮ್ಮ ಖಯಾಲು ಎರಡೂ ಒಂದೇ ತುತ್ತೂರಿಯೊಳಗೆ ಹೊಕ್ಕು ಬಂದಿವೆ.

ನನ್ನ ಮಾತು ಇಷ್ಟೇ. ತಟ್ಟೆಗೆ ತಟ್ಟೆಯ ಅಳತೆ, ಸಭೆಗೆ ಸಭೆಯ ಅಳತೆ. ತಟ್ಟೆಯ ಅಳತೆಯಿಂದ ಸಭೆಯನ್ನು ಅಳೆಯಬಾರದು. ಮತ್ತೆ, ಹಾಡಿದವರ ತಪ್ಪು ಯಾವುದು, ಯಂತ್ರದ ತಪ್ಪು ಯಾವುದು ಅಂತ ಬೇರ್ಪಡಿಸದೆ ಯಾವುದಕ್ಕೂ ಅಂಕ ಹಾಕಬಾರದು.

ಯಂತ್ರದ ತಪ್ಪಿನ ವಿಷಯ ಸ್ವಲ್ಪ ವಿವರವಾಗಿ ಹೇಳಲೇಬೇಕು, ಯಾಕೆಂದರೆ ನಮ್ಮ ಊರುಗಳಲ್ಲಿ ಈಗಲೂ ಮನೆಮನೆಯಲ್ಲಿ ಹಳೇ ಕ್ಯಾಸೆಟ್ಟುಗಳಿವೆ: ಸಪ್ತಾಹದ ಭಜನೆ, ಬಯಲಾಟ, ರೇಡಿಯೋದಿಂದ ಹಿಡಿದ ಶನಿವಾರ ರಾತ್ರಿಯ ರಾಷ್ಟ್ರೀಯ ಸಂಗೀತ ಕಾರ್ಯಕ್ರಮ. ಇವನ್ನು ಕೇಳಿ "ನಮ್ಮ ಅಜ್ಜನ ಧ್ವನಿ ಇಷ್ಟು ಕೀರಲೇನ್ರಿ?" ಅಂತ ಕೇಳಿದವರಿದ್ದಾರೆ. ಅಜ್ಜನ ಧ್ವನಿ ಕೀರಲಲ್ಲ. ಅಂದು ಟೇಪ್ ರೆಕಾರ್ಡರಿನ ಸೆಲ್ಲು ಇಳಿದಿತ್ತು. ಸೆಲ್ಲು ಇಳಿದಾಗ ಟೇಪು ನಿಧಾನ ಓಡುತ್ತದೆ. ಹಾಗೆ ನಿಧಾನ ಓಡುವಾಗ ಹಿಡಿದದ್ದನ್ನು ಆಮೇಲೆ ಸರಿಯಾದ ವೇಗದಲ್ಲಿ ಹಾಕಿದರೆ ಎಲ್ಲವೂ ಜೋರು, ಎಲ್ಲವೂ ಮೇಲು. ಅಜ್ಜ ಕೀರಲು, ತಾಳ ಅವಸರ.

ಇದನ್ನು ಪರೀಕ್ಷಿಸಲು ಒಂದು ಉಪಾಯ ಉಂಟು. ಕರೆಂಟಿನಿಂದ ನಡೆಸಿದ ಮೈಕು, ಟೇಪುಗಳಲ್ಲಿ ಹಿಂದೆ ಸಣ್ಣಗೆ ಗುಂಯ್ ಅಂತ ಒಂದು ಸದ್ದು ಇರುತ್ತದಲ್ಲ, ಅದು ಕರೆಂಟಿನದೇ ಸದ್ದು. ನಮ್ಮ ದೇಶದಲ್ಲಿ ಕರೆಂಟು ಸೆಕೆಂಡಿಗೆ 50 ಸಲ ಕಂಪಿಸುತ್ತದೆ (ಜರ್ಮನಿಯಲ್ಲೂ 50, ಅಮೆರಿಕದಲ್ಲಿ 60). ಕಂಪ್ಯೂಟರಿನಲ್ಲಿ ಹಾಕಿ ಆ ಗುಂಯ್‌ಕಾರವನ್ನು ಅಳೆದರೆ ಅದು 50ರ ಬದಲು 53ಕ್ಕೆ ಬಂದಿದೆ ಅನ್ನಿ. ಟೇಪು ನೂರಕ್ಕೆ ಆರರಷ್ಟು ಜೋರು ಓಡಿದೆ. ಅಂದರೆ ಗಾಯಕನ ಷಡ್ಜ ಹತ್ತಿರ ಹತ್ತಿರ ಒಂದು ಅರ್ಧ ಸ್ವರ ಮೇಲೆ ಹೋಗಿದೆ. ಪೇಟಿಯ ಭಾಷೆಯಲ್ಲಿ ಹೇಳುವುದಾದರೆ ಕರಿ ಒಂದರಲ್ಲಿ ಹಾಡಿದವರು ಬಿಳಿ ಎರಡರಲ್ಲಿ ಹಾಡಿದ ಹಾಗೆ ಕೇಳುತ್ತದೆ. ಒಂದು ತಾಸಿನ ಕಛೇರಿ ಐವತ್ತೇಳು ನಿಮಿಷಕ್ಕೇ ಮುಗಿಯುತ್ತದೆ. ಹಿಂದೆ ನಮ್ಮ ಕಡೆ ಕರೆಂಟಿನ ಕಂಪನವೇ 50ಕ್ಕಿಂತ ಕೆಳಗೆ ಜಾರುತ್ತಿತ್ತು, ಹಾಗಾಗಿ ಇದೂ ಒಂದು ಅಂದಾಜೇ. ಆದರೂ ಅಜ್ಜನ ಮರ್ಯಾದೆ ಉಳಿಸಲು ಸಾಕು. ಕಾಲಾಸರ ಕಳ್ಳ ಪ್ರತಿಗಳಲ್ಲೂ ಇಂಥ ವೇಗದ ತಪ್ಪುಗಳು ಹೇರಳ. ಆಕೆಯ ಧ್ವನಿಯ ಬಗ್ಗೆ ಜಗಳವಾಡಿದ ಜನ ಎಷ್ಟೋ ಸಲ ಟೇಪಿನ ಮೋಟಾರಿನ ಬಗ್ಗೆ ಜಗಳವಾಡಿರಬಹುದು!

ಈಗಿನ ಮೊಬೈಲಿನದು ಬೇರೆ ತರಹದ ಕಾಟ. ಅದರೊಳಗೆ ಸದ್ದನ್ನು ತಾನೇ ಹೆಚ್ಚು ಕಡಿಮೆ ಮಾಡುವ ಏರ್ಪಾಡು ಇರುತ್ತದೆ. ಮೆಲ್ಲಗೆ ಹಾಡಿದರೆ ಅದು ಎತ್ತಿಕೊಡುತ್ತದೆ, ಜೋರಾಗಿ ಹಾಡಿದರೆ ಅದುಮುತ್ತದೆ. ಪರಿಣಾಮ, ಮಂದ್ರದ ಪಿಸುಮಾತೂ ತಾರದ ಕೂಗೂ ಒಂದೇ ಎತ್ತರ. ಪಕ್ಕದಲ್ಲಿ ಡೋಲಕ್ಕಿನ ಒಂದು ಪೆಟ್ಟು ಬಿದ್ದರೆ ಹಾಡುವವರ ಧ್ವನಿ ಒಂದು ಕ್ಷಣ ಮುಳುಗಿ ಏಳುತ್ತದೆ. ಕೆಲವು ಮೊಬೈಲುಗಳು ತಂಬೂರಿಯ ನಾದವನ್ನು ಫ್ಯಾನಿನ ಸದ್ದು ಅಂದುಕೊಂಡು ಒರೆಸಿಯೂ ಹಾಕುತ್ತವೆ. ಪೇಟಿಯ ಮೇಲೆಯೇ ಮೊಬೈಲು ಇಟ್ಟು ಹಿಡಿದರಂತೂ ಕೇಳುವುದೇ ಬೇಡ. ಪೇಟಿ ಮಾಸ್ತರರ ಕಛೇರಿ, ಗಾಯಕರು ಪಕ್ಕವಾದ್ಯ.

ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಆಪೆರಾದಲ್ಲಿ ಮೇಪಲ್‌ಸನ್ ಎಂಬ ಗ್ರಂಥಪಾಲಕ ಇದ್ದ. 1901ರಿಂದ ಎರಡು ಮೂರು ವರ್ಷ ಅವನು ಒಂದು ಎಡಿಸನ್ ಯಂತ್ರ ಇಟ್ಟುಕೊಂಡು, ಆಟ ನಡೆಯುವಾಗಲೇ ಮೇಣದ ಕೊಳವೆಗಳ ಮೇಲೆ ತುಣುಕು ತುಣುಕು ಹಾಡು ಹಿಡಿದ. ಮೊದಲು ಮಾತು ಎತ್ತಿಕೊಡುವವನ ಗೂಡಿನಲ್ಲಿ ಕೂತು, ಆಮೇಲೆ ವೇದಿಕೆಯ ಮೇಲಿನ ಅಟ್ಟದಲ್ಲಿ ನಿಂತು. ಕೇಳಿದರೆ ಜೋಳ ಹುರಿಯುವ ಸದ್ದಿನ ಆಚೆ ಎಲ್ಲೋ ದೂರದಲ್ಲಿ ಯಾರೋ ಹಾಡುತ್ತಿದ್ದ ಹಾಗೆ. ಮೇಲೆ ಹೇಳಿದ ಮೆಲ್ಬಾಳ ಧ್ವನಿಯೂ ಅದರಲ್ಲಿ ಉಂಟು. ಸ್ವಚ್ಛತೆಗೆ ಅಂಕ ಹಾಕಿದರೆ ಸೊನ್ನೆ. ಆದರೆ ಆ ಕಾಲದ ಗಾಯಕಿ ಸಭೆಯ ಮುಂದೆ ಎಷ್ಟು ಧೈರ್ಯವಾಗಿ ಸ್ವರದ ಮೇಲೆ ಎರಗುತ್ತಿದ್ದಳು, ಎಷ್ಟು ಹೊತ್ತು ನಿಲ್ಲುತ್ತಿದ್ದಳು ಅನ್ನುವುದಕ್ಕೆ ಅದಕ್ಕಿಂತ ದೊಡ್ಡ ಸಾಕ್ಷಿ ಇಲ್ಲ.

ಇನ್ನು ಮಾಧುರ್ಯ. ನಮ್ಮ ಅಂಕಪಟ್ಟಿಯಲ್ಲಿ ಯಾವಾಗಲೂ ಇದಕ್ಕೊಂದು ಕಾಲಂ ಇರುತ್ತದೆ, ನನಗೆ ಅದರ ಮೇಲೆ ಬಹಳ ದಿನದ ಸಿಟ್ಟು. ಗಂಗೂಬಾಯಿ ಹಾನಗಲ್ಲರ (1913–2009) ಮೊದಮೊದಲ ತಟ್ಟೆಗಳು ಗಾಂಧಾರಿ ಎಂಬ ಹೆಸರಿನಲ್ಲಿ ಬಂದವು. ಅದರಲ್ಲಿ ಧ್ವನಿ ತೆಳ್ಳಗೆ, ಎತ್ತರ. ಆಮೇಲೆ ಗಂಟಲಿಗೆ ಚಿಕಿತ್ಸೆಯಾಗಿ ಧ್ವನಿ ದಪ್ಪಗಾಯಿತು, ಗಂಡಸಿನ ಧ್ವನಿಯಷ್ಟು. ಮಾಧುರ್ಯದ ಕಾಲಂ ಪ್ರಕಾರ ಮೊದಲ ತಟ್ಟೆಗೆ ಇಪ್ಪತ್ತು, ಆಮೇಲಿನ ಐವತ್ತು ವರ್ಷದ ಸಂಗೀತಕ್ಕೆ ಎಂಟೋ ಒಂಬತ್ತೋ! ಕಾಲಾಸರದೂ ಅದೇ ಕಥೆ. ಮರೆತುಹೋಗಿದ್ದ ಬೆಲ್ ಕಾಂತೊ ಆಟಗಳು ಮತ್ತೆ ವೇದಿಕೆಗೆ ಬರಲು ದೊಡ್ಡ ಕಾರಣ ಅವರೇ. ಆದರೆ ಅವರ ಧ್ವನಿ ಚೆಂದವಿಲ್ಲ, ಮೇಲಿನ ಸ್ವರಗಳಲ್ಲಿ ಅಲ್ಲಾಡುತ್ತದೆ ಅಂತ ಹೇಳಿದವರು ಅಂದೂ ಇದ್ದರು, ಇಂದೂ ಇದ್ದಾರೆ. ಚೆಂದದ ಹಾಡುಗಾರಿಕೆ ಅಂತಲೇ ಹೆಸರಿರುವ ಪದ್ಧತಿಯನ್ನು ಎತ್ತಿ ನಿಲ್ಲಿಸಿದ್ದು ಚೆಂದವಿಲ್ಲ ಅನ್ನಿಸಿಕೊಂಡ ಧ್ವನಿ. ಚೆಂದ ಅನ್ನುವುದು ಧ್ವನಿಯಲ್ಲಿ ಇರುವುದಕ್ಕಿಂತ ಹಾಡುವುದರಲ್ಲಿ ಇರುತ್ತದೆ ಅಂತ ಇಟಲಿಯವರು ಹೆಸರಿನಲ್ಲೇ ಹೇಳಿಟ್ಟಿದ್ದಾರಲ್ಲ.

ಈಗ ನಮ್ಮ ಒಂಬತ್ತಕ್ಕೆ ಬರುತ್ತೇನೆ.

ಮಕ್ತಲ್, ನಾರಾಯಣಪೇಟೆ, ಕೃಷ್ಣಾ ಕಡೆಯ ನಾವು ಕೆಲವು ಶಿಕ್ಷಕರು ಸೇರಿ ಕನ್ನಡ ಮಾಧ್ಯಮದ ಮಕ್ಕಳಿಗೆ ಒಂದು ಸಣ್ಣ ಹಾಡಿನ ಸ್ಪರ್ಧೆ ಇಟ್ಟಿದ್ದೆವು. ದಾಸರ ಪದ ಇಲ್ಲವೇ ವಚನ, ಮೊಬೈಲಿನಲ್ಲಿ ಹಿಡಿದು ಕಳಿಸುವುದು. ಬಹುಮಾನ ಏನು ಮಹಾ, ಒಂದು ಕನ್ನಡ ನಿಘಂಟು. ಆದರೆ ಇಲ್ಲಿ ಒಂದು ಹಾಡಿನ ಸ್ಪರ್ಧೆ ಬರೀ ಹಾಡಿನ ಸ್ಪರ್ಧೆಯಲ್ಲ ಅಂತ ಈ ಪುಟ ಓದುವವರಿಗೆ ಗೊತ್ತು. ಪ್ರತಿ ಜೂನ್ ತಿಂಗಳಲ್ಲಿ ತಂದೆತಾಯಿ ಶಾಲೆಯ ಗೇಟಿನ ಹತ್ತಿರ ನಿಂತು ಲೆಕ್ಕ ಹಾಕುತ್ತಾರೆ: ಕನ್ನಡಕ್ಕೆ ಹಾಕುವುದೋ, ತೆಲುಗಿಗೆ ಹಾಕುವುದೋ, ಇಂಗ್ಲಿಷಿಗೋ? ನಿಮ್ಮ ಮಗುವಿನ ಕನ್ನಡ ಸರಿಯಿಲ್ಲ ಅಂತ ಯಾರಾದರೂ ಕಾಗದದ ಮೇಲೆ ಬರೆದುಕೊಟ್ಟರೆ ಲೆಕ್ಕ ಅಲ್ಲಿಗೇ ಮುಗಿಯುತ್ತದೆ.

ತೀರ್ಪುಗಾರರು ಮೂವರು. ಪೇಟಿ ಬಲ್ಲ ನಮ್ಮ ಹಿರಿಯ ಸರ್ ಒಬ್ಬರು, ಭಾಷಾ ಶಿಕ್ಷಕಿಯಾದ ಮೇಡಂ ಒಬ್ಬರು, ಮತ್ತೆ ನಾನು. ಕಾಲಂ ನಾಲ್ಕು: ಶ್ರುತಿ, ತಾಳ, ಉಚ್ಚಾರ, ಮಾಧುರ್ಯ. ತಲಾ 25.

ಒಂದು ರೆಕಾರ್ಡಿಂಗು ಪೇಟೆಯ ಸ್ಟುಡಿಯೋದಲ್ಲಿ ಮಾಡಿಸಿದ್ದು. ಹುಡುಗನ ಕಂಠ ಒಳ್ಳೆಯದೇ. ಆದರೆ ಹಿಂದೆ ಕರೋಕೆ ಓಡುತ್ತಿದೆ, ಮೇಲೆ ಗುಹೆಯೊಳಗೆ ಹಾಡಿದ ಹಾಗೆ ಪ್ರತಿಧ್ವನಿ ಹಾಕಿದ್ದಾರೆ, ಸ್ವರ ಜಾರಿದ ಕಡೆ ಯಂತ್ರ ಹಿಡಿದು ನೆಟ್ಟಗೆ ಮಾಡಿದ್ದು ಇಯರ್‌ಫೋನಿನಲ್ಲಿ ಚೆನ್ನಾಗಿ ಕೇಳುತ್ತದೆ. ಹುಡುಗನದೇನೂ ತಪ್ಪಿಲ್ಲ, ದೊಡ್ಡವರು ಕರೆದುಕೊಂಡು ಹೋಗಿದ್ದಾರೆ, ಅವನು ಹಾಡಿದ್ದಾನೆ.

ಇನ್ನೊಂದು ನದಿ ದಂಡೆಯ ಊರಿನ ಆರನೇ ತರಗತಿಯ ಹುಡುಗಿಯದು. ಹೆಸರು ಬೇಡ. ಮನೆಯಲ್ಲಿ ಮಾತು ತೆಲುಗು, ಶಾಲೆಯಲ್ಲಿ ಕನ್ನಡ. ಶನಿವಾರ ರಾತ್ರಿ ಹನುಮಪ್ಪನ ಗುಡಿಯ ಕಟ್ಟೆಯ ಮೇಲೆ ಭಜನೆಯಲ್ಲಿ ಹಾಡಿದ್ದನ್ನೇ ಹಿಡಿದು ಕಳಿಸಿದ್ದಾರೆ. ಡೋಲಕ್ಕು, ತಾಳ, ಪೇಟಿ, ಹಿಂದೆ ಮಕ್ಕಳ ಗಲಾಟೆ. ಎರಡನೇ ನುಡಿ ಹಾಡುವಾಗ ಸೇತುವೆಯ ಮೇಲೆ ಗೂಡ್ಸ್ ರೈಲು ಬಂತು. ಕೃಷ್ಣಾ ಸ್ಟೇಷನ್ನಿನ ಸುತ್ತಮುತ್ತ ಇರುವವರಿಗೆ ಆ ಸದ್ದು ಹೇಳಿ ತಿಳಿಸಬೇಕಿಲ್ಲ. ಮೊಬೈಲು ರೈಲಿಗೆ ಹೆದರಿ ಹುಡುಗಿಯ ಧ್ವನಿಯನ್ನು ಅದುಮಿಬಿಟ್ಟಿತು. ಅಷ್ಟರಲ್ಲಿ ಕೂತ ಹಿರಿಯರು ಪಲ್ಲವಿ ಎತ್ತಿಕೊಂಡರು, ತಾಳದವರು ಉತ್ಸಾಹದಲ್ಲಿ ಓಡಿದರು, ಹುಡುಗಿ ಅರ್ಧ ಮಾತ್ರೆ ಮೊದಲೇ ಎತ್ತಿದಳು.

"ತಾಳ ತಪ್ಪಿತ್ರಿ" ಅಂದರು ಹಿರಿಯ ಸರ್. ಪೆನ್ನು ಎತ್ತಿದ್ದರು.

ನಾನು ಹಿಂದಕ್ಕೆ ಹಾಕಿ ಮತ್ತೆ ಕೇಳಿಸಿದೆ. "ಗುರುಗಳೇ, ತಪ್ಪಿದ್ದು ಖರೆ. ಮುಂದ ಏನ್ ಮಾಡ್ಯಾಳ ಅಷ್ಟು ಕೇಳ್ರಿ."

ಮುಂದೆ ಅವಳು ಏನೂ ಮಾಡಲಿಲ್ಲ. ಹಾಡು ನಿಲ್ಲಿಸಿದಳು. ಒಂದು ಇಡೀ ಸುತ್ತು ಬರೀ ತಾಳ, ಡೋಲಕ್ಕು ಹೋಗಲು ಬಿಟ್ಟಳು. ಗಾಬರಿಯಿಂದ ನಿಲ್ಲಿಸಿದ್ದಲ್ಲ ಅಂತ ಹೇಗೆ ಗೊತ್ತಾಗುತ್ತದೆ ಅಂದರೆ, ಇಯರ್‌ಫೋನಿನಲ್ಲಿ ಅವಳು ಉಸಿರು ತಗೊಳ್ಳುವುದು ಕೇಳುತ್ತದೆ: ಸುತ್ತಿನ ಕೊನೆಗೆ, ಸರಿಯಾದ ಜಾಗದಲ್ಲಿ, ಅವಸರವಿಲ್ಲದೆ. ಆಮೇಲೆ ಎತ್ತಿದಳು ನೋಡಿ, ಡೋಲಕ್ಕಿನ ಪೆಟ್ಟಿನ ಮೇಲೆಯೇ. ಗುಂಪಿನಲ್ಲಿ ಯಾರೋ ಮುದುಕರು "ಹಾಂ, ಭೇಷ್ ತಂಗಿ" ಅಂದದ್ದೂ ಟೇಪಾಗಿದೆ. ಮನ್ಸೂರರ ಸಭೆಯಲ್ಲಿ ಕೇಳಿದ ಅದೇ ಉಸಿರು ಇಲ್ಲಿ ಮಾತಾಗಿ ಬಂದಿದೆ ಅಂತ ನನಗೆ ಅನ್ನಿಸಿತು. ಹನ್ನೊಂದು ವರ್ಷದ ಹುಡುಗಿಯನ್ನು ಮನ್ಸೂರರ ಪಕ್ಕ ಕೂರಿಸಿದ್ದೀರಾ ಅಂತ ನಗಬೇಡಿ. ನಾನು ಹುಡುಗಿಯನ್ನಲ್ಲ, ಮುದುಕರನ್ನು ಕೂರಿಸುತ್ತಿದ್ದೇನೆ. ಕೇಳುಗರು ಎಲ್ಲಿದ್ದರೂ ಕೇಳುಗರೇ.

ಹಿರಿಯ ಸರ್ ಮೂರು ಸಲ ಕೇಳಿದರು. ಪೆನ್ನು ಕೆಳಗಿಟ್ಟು, "ಕರೋಕೆದಾಗ ಹಿಂಗ ನಿಂದ್ರಾಕ ಬರಂಗಿಲ್ಲ" ಅಂದರು. ನಾನು ಹೇಳಬೇಕಾದದ್ದನ್ನು ಅವರೇ ಹೇಳಿಬಿಟ್ಟರು. ಕರೋಕೆ ಯಾರಿಗೂ ಕಾಯುವುದಿಲ್ಲ, ಯಾರನ್ನೂ ಕಾಯಿಸುವುದೂ ಇಲ್ಲ. ಅದರಲ್ಲಿ ತಾಳ ತಪ್ಪದ ಹುಡುಗನಿಗೆ 25ಕ್ಕೆ 22 ಕೊಟ್ಟಿದ್ದೆವು. ಇವಳಿಗೆ 12 ಬರೆಯಲು ಹೊರಟಿದ್ದೆವು. ಒಂದೇ ಕಾಲಮ್ಮಿನಲ್ಲಿ ಎರಡು ಬೇರೆ ಬೇರೆ ಪರೀಕ್ಷೆಗಳ ಅಂಕ.

ಉಚ್ಚಾರದ ಜಗಳ ಅಷ್ಟು ಸುಲಭಕ್ಕೆ ಮುಗಿಯಲಿಲ್ಲ. ಹುಡುಗಿಯ 'ಜ' ಹಲ್ಲಿಗೆ ತಾಗಿ ತೆಲುಗಿನವರ ಹಾಗೆ ಬರುತ್ತದೆ. ಮೇಡಂ ಹೇಳುವುದರಲ್ಲಿ ನ್ಯಾಯ ಇಲ್ಲದಿಲ್ಲ: "ನಾವೇ ತಿದ್ದಲಿಲ್ಲಂದ್ರ ಯಾರು ತಿದ್ದತಾರ ಸರ್?" ನಾನಂದೆ, "ತಿದ್ದೋಣ ಮೇಡಂ, ಕ್ಲಾಸಿನಾಗ ತಿದ್ದೋಣ. ಆದ್ರ ಆ ಸಾಲಿನ ಅರ್ಥ ಆಕಿಗೆ ಗೊತ್ತೈತಿ. ಎಲ್ಲಿ ಬಿಡಿಸಬೇಕೋ ಅಲ್ಲೇ ಬಿಡಿಸ್ಯಾಳ. ಸ್ಟುಡಿಯೋದ ಹುಡುಗ 'ಜ' ಸರಿ ಅಂದಾನ, ಪದ ನಡುವ ಮುರದಾನ." ಮತ್ತೆ ಹಾಕಿ ಕೇಳಿದೆವು. ಮುರಿದದ್ದು ಹೌದು, ಕರೋಕೆ ಮುಂದಕ್ಕೆ ಓಡುತ್ತದೆ, ಉಸಿರು ಸಾಲದ ಕಡೆ ಶಬ್ದವನ್ನೇ ಎರಡು ತುಂಡು ಮಾಡಿ ಉಸಿರು ತಗೊಂಡಿದ್ದಾನೆ. ಮೇಡಂ ಇಬ್ಬರಿಗೂ ಸಮ ಅಂಕ ಹಾಕಿದರು. ಅದಕ್ಕಿಂತ ಮೇಲೆ ಏರಲಿಲ್ಲ. ನಾನೂ ಎಳೆಯಲಿಲ್ಲ. ಮಾಧುರ್ಯದ ಕಾಲಂ ಮಾತ್ರ ಮೂವರೂ ಸೇರಿ ಹೊಡೆದುಹಾಕಿದೆವು. ಅದರ ಜಾಗದಲ್ಲಿ ಏನು ಬರೆಯಬೇಕು ಅಂತ ಬಹಳ ಹೊತ್ತು ಚರ್ಚೆಯಾಗಿ, ಹಿರಿಯ ಸರ್ 'ನಿಭಾವಣೆ' ಅಂತ ಬರೆದರು. ಒಳ್ಳೆಯ ಶಬ್ದ.

ಮೊದಲ ಬಹುಮಾನ ಈ ಇಬ್ಬರಿಗೂ ಬರಲಿಲ್ಲ. ತರಗತಿಯ ಕೋಣೆಯಲ್ಲಿ, ಪಕ್ಕವಾದ್ಯವೇ ಇಲ್ಲದೆ, ಸಹಪಾಠಿಗಳ ಮುಂದೆ ನಿಂತು ವಚನ ಹಾಡಿದ ಐದನೇ ತರಗತಿಯ ಒಬ್ಬ ಹುಡುಗನಿಗೆ ಹೋಯಿತು. ಅದರ ಬಗ್ಗೆ ನಮ್ಮಲ್ಲಿ ಜಗಳವೇ ಆಗಲಿಲ್ಲ. ಹುಡುಗಿಗೆ ಎರಡನೆಯದು. ಸ್ಟುಡಿಯೋದ ಹುಡುಗನಿಗೆ ನಾಲ್ಕನೆಯದು. ಮುಂದಿನ ಸಲ ಸ್ಟುಡಿಯೋ ಬೇಡ, ನಿನ್ನ ಕಂಠವೇ ಸಾಕು ಅಂತ ಒಂದು ಚೀಟಿ ಬರೆದು ಕಳಿಸಿದೆವು. ಹುಡುಗಿಯ ಅಪ್ಪ ನಿಘಂಟು ಇಸಿದುಕೊಳ್ಳಲು ಬಂದಿದ್ದರು. ಮುಂದಿನ ವರ್ಷ ಮಗಳನ್ನು ತೆಲುಗು ಶಾಲೆಗೆ ಹಾಕುವ ಯೋಚನೆ ಇತ್ತಂತೆ. ಈಗ ಇದೆಯೋ ಇಲ್ಲವೋ ಹೇಳಲಿಲ್ಲ, ನಾನೂ ಕೇಳಲಿಲ್ಲ. ನಿಘಂಟಿನ ಹಾಳೆ ಹಿಂದೆ ಮುಂದೆ ತಿರುವಿ, ಎಷ್ಟು ಶಬ್ದ ಇದಾವ್ರಿ ಇದರಾಗ ಅಂತ ಮಾತ್ರ ಕೇಳಿದರು.

ಹೈದರಾಬಾದಿನ ಹುಡುಗನಿಗೆ ಬರ್ಲಿನ್ನಿನ ಲೂಚಿಯಾಕ್ಕೆ ಇನ್ನೂ ಅಂಕ ಕಳಿಸಿಲ್ಲ. 'ನಿಭಾವಣೆ' ಕಾಲಮ್ಮಿನಲ್ಲಿ ಮಾತ್ರ 25ಕ್ಕೆ 25 ಬರೆದಿಟ್ಟುಕೊಂಡಿದ್ದೇನೆ, ಉಳಿದದ್ದು ಇನ್ನೊಮ್ಮೆ ಕೇಳಿ ಹಾಕಬೇಕು.

ಮುಂದಿನ ವರ್ಷದ ಸ್ಪರ್ಧೆಗೆ ಶಾಲೆಗಳಿಗೆ ಕಳಿಸುವ ಪತ್ರ ಈಗಲೇ ಸಿದ್ಧವಾಗಿದೆ. ಕರೋಕೆ ಬೇಡ. ಕನಿಷ್ಠ ಐದು ಜನ ಕೇಳುಗರ ಮುಂದೆ ಹಾಡಿಸಬೇಕು. ಮೊಬೈಲನ್ನು ಪೇಟಿಯ ಮೇಲೆ ಇಡಬೇಡಿ, ಹಾಡುವ ಮಗುವಿನಿಂದ ನಾಲ್ಕು ಮೊಳ ದೂರದಲ್ಲಿ ಇಡಿ. ಹಾಡು ಶುರುವಾಗುವ ಮೊದಲು ಅರ್ಧ ನಿಮಿಷ, ಮುಗಿದ ಮೇಲೆ ಅರ್ಧ ನಿಮಿಷ ಹಾಗೆಯೇ ಹಿಡಿಯಿರಿ, ಅಲ್ಲಿಯ ಗದ್ದಲ ಎಷ್ಟು ಅಂತ ನಮಗೆ ತಿಳಿಯಲಿ. ಒಂದೇ ಸಲ ಹಾಡಿಸಿ, ತುಂಡು ತುಂಡು ಜೋಡಿಸಬೇಡಿ. ಕೊನೆಯ ಸಾಲು ಹಿರಿಯ ಸರ್ ತಾವೇ ಕೈಬರಹದಲ್ಲಿ ಸೇರಿಸಿದ್ದಾರೆ: ನಡುವೆ ರೈಲು ಬಂದರೆ ರೆಕಾರ್ಡಿಂಗ್ ನಿಲ್ಲಿಸಬಾರದು.